ಕೈಯಲ್ಲಿ ತಿನ್ನುವ ಟಾಕೋಗೆ ಕೊಟ್ಟ ಫೋರ್ಕು

2003ರಲ್ಲಿ ನಾನು ಇಂದಿರಾನಗರದ ಒಂದು ಮೆಕ್ಸಿಕನ್ ರೆಸ್ಟೋರೆಂಟಿನಲ್ಲಿ ಕ್ಯಾಪ್ಟನ್ ಆಗಿದ್ದೆ. ಹಡಗಿನ ಕ್ಯಾಪ್ಟನ್ ಅಲ್ಲ. ಗಿರಾಕಿಗಳಿಗೆ ಮೆನು ವಿವರಿಸಿ, ಆರ್ಡರ್ ಬರೆದುಕೊಂಡು, ಆರು ಮಂದಿ ವೇಟರುಗಳನ್ನು ನಡೆಸುವವನು. ಅದಕ್ಕೆ ಮುಂಚೆ ಹದಿನಾಲ್ಕು ವರ್ಷ ಶಿವಾಜಿನಗರದ ಹೋಟೆಲುಗಳಲ್ಲಿ ತಟ್ಟೆ ಹೊತ್ತಿದ್ದೆ. ಆದರೂ ಇಲ್ಲಿನ ಒಂದು ಭಾನುವಾರ ನೆನಪಾದರೆ ಇಂದಿಗೂ ಮೈ ಉರಿಯುತ್ತದೆ.

ಟಾಕೋ ಎಂದರೆ ಮುಸುಕಿನ ಜೋಳದ ಗರಿಗರಿ ರೊಟ್ಟಿಯನ್ನು ಮಡಚಿ, ಒಳಗೆ ಬೇಯಿಸಿದ ರಾಜ್ಮಾ, ಟೊಮ್ಯಾಟೊ ಸಾಸ್ ತುಂಬಿದ್ದು. ಅದನ್ನು ಮೂರು ಬೆರಳಲ್ಲಿ ಹಿಡಿದು, ಟಾಕೋ ವಾಲಿಸದೆ ತಲೆಯನ್ನೇ ವಾಲಿಸಿ ಕಚ್ಚಬೇಕೆಂದು ನಮ್ಮ ಶೆಫ್ ಮೊದಲ ವಾರವೇ ಕಲಿಸಿದ್ದರು. ಮ್ಯಾನೇಜರ್ ಕೂಡ ಅಡುಗೆಮನೆಯಲ್ಲಿ ನಿಂತು ಹಾಗೇ ನಾಲ್ಕು ತಿಂದಿದ್ದರು! ಆದರೆ ಹಾಲ್‌ನಲ್ಲಿ ಅವರ ಕಾನೂನೇ ಬೇರೆ. "ಇದು ದರ್ಶಿನಿ ಅಲ್ಲ ಕಣ್ರೀ, ಫೈನ್ ಡೈನಿಂಗ್. ಎಲ್ರಿಗೂ ಫೋರ್ಕು, ಚಾಕು." ಫೋರ್ಕು ತಗುಲಿದರೆ ಟಾಕೋ ಪುಡಿಪುಡಿ. ಗಿರಾಕಿಗಳು ಚೂರು ಹೆಕ್ಕುತ್ತಾ "ವೆರಿ ನೈಸ್" ಎನ್ನುತ್ತಿದ್ದರು. ನಾನೂ ಎಲ್ಲ ಟೇಬಲ್ಲಿಗೂ ಫೋರ್ಕು ಇಡಿಸುತ್ತಿದ್ದೆ.

ಆ ಮಧ್ಯಾಹ್ನ ದೊಡ್ಡನೆಕ್ಕುಂದಿಯ ಮುನಿಯಪ್ಪನವರು ಮಗಳು ಶೋಭಾಳ ಜೊತೆ ಬಂದರು. ಅವಳು ಮೆಚ್ಚಿದ ಹುಡುಗ, ಅವನ ತಾಯಿ ಆಗಲೇ ಬಂದು ಕೂತಿದ್ದರು. ಹಿರಿಯರು ಮುಖಾಮುಖಿಯಾಗುವುದು ಅಂದೇ ಮೊದಲು. ಶೋಭಾ ಬಾಗಿಲಲ್ಲೇ ನನ್ನನ್ನು ತಡೆದು, "ಅಂಕಲ್, ಅಪ್ಪಂಗೆ ಇದೆಲ್ಲ ಹೊಸದು. ಹುಡುಗನ ಮನೆಯವ್ರ ಮುಂದೆ ಅವಮಾನ ಆಗ್ದಂಗೆ ನೋಡ್ಕೊಳ್ಳಿ" ಎಂದಳು. "ನಾನಿದೀನಲ್ಲಮ್ಮ" ಎಂದೆ.

ಟಾಕೋ ಬಂತು. ಮುನಿಯಪ್ಪನವರು ತಿರುಗಿಸಿ ನೋಡಿ, "ಜೋಳದ ರೊಟ್ಟೀನೇ ತೊಟ್ಲು ಮಾಡವ್ರೆ!" ಎಂದು ನಕ್ಕರು. ಮೂರು ಬೆರಳಲ್ಲಿ ಎತ್ತಿ, ತಲೆ ವಾಲಿಸಿ ಕಚ್ಚಿದರು. ಒಂದು ಕಾಳೂ ಉದುರಲಿಲ್ಲ. ಅದೂ ಯಾರೂ ಹೇಳಿಕೊಡದೆ! ಎದುರಿಗೆ ಹುಡುಗನ ತಾಯಿ ಫೋರ್ಕು ಹಿಡಿದು ತಟ್ಟೆಯ ತುಂಬಾ ಚೂರುಗಳನ್ನು ಅಟ್ಟಾಡಿಸುತ್ತಿದ್ದರು.

ಮ್ಯಾನೇಜರ್ ನೆಟ್ಟಗೆ ಬಂದವರೇ ಚಾಕು, ಫೋರ್ಕನ್ನು ಮುದುಕರ ತಟ್ಟೆಗೆ ಒತ್ತಿಟ್ಟರು. "ಸರ್, ಪ್ಲೀಸ್. ಇಲ್ಲಿ ಕೈಯಲ್ಲಿ ತಿನ್ನೋ ಹಾಗಿಲ್ಲ. ಬೇರೆ ಗೆಸ್ಟ್ಸ್ ನೋಡ್ತಿದಾರೆ."

ಯಾರೂ ನೋಡುತ್ತಿರಲಿಲ್ಲ. ಆ ಮಾತಿಗೆ ಎಲ್ಲರೂ ತಿರುಗಿ ನೋಡಿದರು. ಬಡಿಸುವವನ ಕಣ್ಣು ಎಲೆಯ ಮೇಲಿರಬೇಕು, ಉಣ್ಣುವವರ ಕೈಯ ಮೇಲಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಇಲ್ಲಿ ಸಂಬಳ ಕೊಟ್ಟು ಕೈ ಕಾಯಲು ಜನ ಇಟ್ಟಿದ್ದರು! ಶೋಭಾ ಮ್ಯಾನೇಜರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಆರ್ಡರ್ ಪುಸ್ತಕ ನೋಡಿಕೊಂಡೆ. ಮುನಿಯಪ್ಪನವರು ಫೋರ್ಕು ಹಿಡಿದು ಒತ್ತಿದರು. ಟಾಕೋ ಸಿಡಿದು, ಸಾಸೆಲ್ಲ ಬಿಳಿ ಅಂಗಿಯ ಮೇಲೆ.

ಆಗ ನನ್ನ ಬಾಯಿ ಬಿಚ್ಚಿತು. "ಸರ್, ಈ ಹಾಲ್‌ನಲ್ಲಿ ಟಾಕೋನ ಸರಿಯಾಗಿ ತಿಂತಿದ್ದೋರು ಇವ್ರೊಬ್ರೇ. ಕಿಚನ್‌ನಲ್ಲಿ ನೀವೂ ಹಿಂಗೇ ತಿಂದ್ರಲ್ಲ!"

ಮ್ಯಾನೇಜರ್ ಮುಖ ಕಪ್ಪಿಟ್ಟಿತು. ಹುಡುಗನ ತಾಯಿ ಫೋರ್ಕು ಬದಿಗೆಸೆದರು. "ಅಯ್ಯೋ, ಮೊದ್ಲೇ ಹೇಳಬಾರ್ದೇನ್ರೀ? ಆಗ್ಲಿಂದ ಕೋಳಿ ತಿಪ್ಪೆ ಕೆದಕಿದಂಗೆ ಕೆದಕ್ತಿದೀನಿ! ಯಜಮಾನ್ರೇ, ಹೆಂಗ್ ಹಿಡಿದ್ರಿ, ತೋರಿಸಿ."

ಮುನಿಯಪ್ಪನವರು ಬರಿಗೈಯ ಮೂರು ಬೆರಳು ಮಡಚಿ ಗಾಳಿಯಲ್ಲೇ ತೋರಿಸಿದರು. ಇನ್ನೊಂದು ಟಾಕೋ ತಂದಿಟ್ಟೆ. "ಬ್ಯಾಡಪ್ಪ, ಹೊಟ್ಟೆ ತುಂಬೋಯ್ತು" ಎಂದರು, ಮುಟ್ಟಲಿಲ್ಲ.

ಸಂಬಂಧವೇನೋ ಕುದುರಿತು. ನನ್ನನ್ನು ಮರುದಿನವೇ ಸ್ಟೋರ್ ರೂಮಿಗೆ ಹಾಕಿದರು, ಅದರ ಬೇಸರವಿಲ್ಲ. ಮ್ಯಾನೇಜರ್ ಮೇಲಿನ ಸಿಟ್ಟೂ ಅರ್ಧ ಕರಗಿದೆ. ನನ್ನ ಮೇಲಿನದು ಕರಗಿಲ್ಲ. ಅಷ್ಟು ಚಿಕ್ಕ ಮಾತಾಡಲು ಒಬ್ಬರ ಅಂಗಿ ಕಲೆಯಾಗುವವರೆಗೆ ಕಾದೆನಲ್ಲ! ಆರಿದ ಮೇಲೆ ತಂದಿಟ್ಟದ್ದನ್ನು ನಮ್ಮ ಕಸುಬಿನಲ್ಲಿ ಬಡಿಸಿದ್ದು ಎನ್ನುವುದಿಲ್ಲ. ಮಾತಿಗೂ ಅಷ್ಟೇ.