ಸೌನಾದಲ್ಲಿ ಒಣಗಿದ ಮರಳು

ಮೊದಲ ಹಿಮ ಬಿದ್ದ ವಾರ ನಮ್ಮ ಗುಡ್ಡದ ರಸ್ತೆಯವರೆಲ್ಲ ಮಾಡುವ ಕೆಲಸ ಒಂದೇ. ಪಿಕಪ್ಪಿನ ಹಿಂದೆ, ಸರಿಯಾಗಿ ಅಚ್ಚಿನ ಮೇಲೆ, ಭಾರ ಹೇರುವುದು. ಖಾಲಿ ಪಿಕಪ್ಪಿನ ಬೆನ್ನು ಹಗುರ. ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ, ಗಾಡಿ ಕದಲುವುದಿಲ್ಲ. ಇದರ ಬಗ್ಗೆ ಯಾರಿಗೂ ತಕರಾರಿಲ್ಲ. ಏನು ಹೇರಬೇಕು ಎನ್ನುವುದಕ್ಕೆ ಮಾತ್ರ ಮನೆಗೊಂದು ಮತ. ಒಬ್ಬ ಕಟ್ಟಿಗೆ ಹೇರುತ್ತಾನೆ. ಇನ್ನೊಬ್ಬ ಗಾಡಿಯೊಳಗೆ ಬಿದ್ದ ಹಿಮವನ್ನು ಗುಡಿಸದೆ ಹಾಗೇ ಬಿಟ್ಟು, ತಾನೇ ಬುದ್ಧಿವಂತ ಅಂದುಕೊಳ್ಳುತ್ತಾನೆ. ನನ್ನ ಹೆಂಡತಿ ಐಲಿಯ ಅಣ್ಣ ಉರ್ಹೊ ಕಂಗಾಸ್ ಹೇರುವುದು ಒಣ ಮರಳು.

ಬರೀ ಒಣ ಮರಳಲ್ಲ, ಸೌನಾದಲ್ಲಿ, ಅಂದರೆ ಹಬೆಸ್ನಾನದ ಮನೆಯಲ್ಲಿ, ಒಣಗಿಸಿದ ಮರಳು. ಶನಿವಾರ ಸಂಜೆ ಮನೆಯವರೆಲ್ಲ ಹಬೆಯಲ್ಲಿ ಕೂತು ಬೆವರಿ, ಮೈ ತೊಳೆದು ಹೊರಬಂದ ಮೇಲೆ ಉರ್ಹೊ ಒಳಗೆ ಹೋಗುತ್ತಾನೆ. ಒಲೆಯ ಬಿಸಿ ಇನ್ನೂ ಆರಿರುವುದಿಲ್ಲ. ಹಳೇ ತಗಡಿನ ತಟ್ಟೆಗಳಲ್ಲಿ ಮರಳು ಹರಡಿ ಬಾಗಿಲು ಹಾಕುತ್ತಾನೆ. ಭಾನುವಾರ ಜರಡಿ ಹಿಡಿದು ಚೀಲಕ್ಕೆ ತುಂಬಿ, ಬಾಯಿ ಹೊಲಿಯುತ್ತಾನೆ. ಮೂವತ್ತೊಂದು ವರ್ಷ ಮರದ ಮಿಲ್ಲಿನಲ್ಲಿ ಗರಗಸಕ್ಕೆ ಹರಿತ ಕೊಟ್ಟ ಮನುಷ್ಯ. ಯಾವ ಕೆಲಸಕ್ಕೂ ಅವಸರವಿಲ್ಲ, ಬಾಯಿಗಂತೂ ಇಲ್ಲವೇ ಇಲ್ಲ. ಅವನ ಹೆಂಡತಿ ಲೆಂಪಿ ಮಾತ್ರ ಎರಡಾಳಿನ ಮಾತು ಒಬ್ಬಳೇ ಆಡುತ್ತಾಳೆ. "ಸ್ನಾನಕ್ಕೆ ಮುಂಚೆ ನನ್ನ ಮೈ ಚೊಕ್ಕಟವಾಗಿರತ್ತೆ ಕಣ್ರೀ, ಆಮೇಲೇ ಹೋದ ವಾರದ ಮರಳು ಅಂಟೋದು!" ಎಂದು ಊರಿಗೆಲ್ಲ ಹೇಳಿಕೊಂಡು ನಗುತ್ತಾಳೆ.

ನಾನೂ ಉರ್ಹೊನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆ ಸಲುಗೆಯೇ ನನ್ನ ಬಾಯಿ ಕೆಡಿಸಿದ್ದು.

ಆ ವರ್ಷ ಬೇಸಿಗೆಯಲ್ಲಿ ಐಲಿಯ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಸೋಮವಾರ, ಬುಧವಾರ, ಶುಕ್ರವಾರ ನಲವತ್ತು ಮೈಲಿ ದೂರದ ಪಟ್ಟಣಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಒಂದು ಸರದಿ ತಪ್ಪಿದರೂ ಅವಳ ಕಾಲು ಬಾತು, ಉಸಿರು ಕಟ್ಟುತ್ತಿತ್ತು. ಚಳಿಗಾಲ ಬಂದರೆ ಗುಡ್ಡ ಇಳಿದು ಹತ್ತುವುದು ಹೇಗೆ ಎಂಬ ಚಿಂತೆ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು. ಅಕ್ಟೋಬರಿನ ಒಂದು ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದು, ಕಾಫಿ, ಏಲಕ್ಕಿ ಬ್ರೆಡ್ಡು ನಡೆಯುತ್ತಿದ್ದಾಗ ಉರ್ಹೊ ಹತ್ತಿರ ಬಂದ.

"ಟೌನೋ, ನಿನಗೂ ಆರು ಚೀಲ ಮಾಡಿಟ್ಟಿದೀನಿ. ಬಂದು ತಗೊಂಡು ಹೋಗು."

ಒಳಗಿನ ಚಿಂತೆಯೋ ಏನೋ, ನನಗೆ ಉರಿದುಹೋಯಿತು. ನನ್ನ ಹೆಂಡತಿಯನ್ನು ನೋಡಿಕೊಳ್ಳಲು ನನಗೆ ಬರುವುದಿಲ್ಲ ಎಂದು ಹೇಳಿದ ಹಾಗಾಯಿತು. "ಅಲ್ಲ ಭಾವ, ಬಾಣಂತಿಗೆ ಮಾಡಿದ ಹಾಗೆ ಮರಳಿಗೆ ಆರೈಕೆ ಮಾಡ್ತೀಯಲ್ಲ, ತೊಟ್ಟಿಲೂ ತೂಗ್ತೀಯೇನು?" ಎಂದೆ. ಎಲ್ಲರೂ ಗೊಳ್ಳೆಂದರು.

ಉರ್ಹೊ ನಗಲಿಲ್ಲ. "ಒದ್ದೆ ಮರಳು ಹೆಪ್ಪುಗಟ್ಟತ್ತೆ. ಸಿಕ್ಕಿಹಾಕ್ಕೊಂಡಾಗ ಚಕ್ರದ ಕೆಳಗೆ ಎರಚೋಕೆ ಬರಲ್ಲ," ಎಂದ.

"ಒದ್ದೆ ಮರಳು ಇನ್ನೂ ಭಾರ. ನನಗೆ ಬೇಕಾಗಿರೋದು ಭಾರ. ನಿನ್ನ ಕೂಸುಗಳು ನಿನಗೇ ಇರಲಿ."

ಅವನು ಕಾಫಿ ಲೋಟ ಕೆಳಗಿಟ್ಟು ಹೊರಟುಹೋದ. ನಾವಿಬ್ಬರೂ ಮಾತು ಬಿಟ್ಟೆವು. ನಾನು ಸರೋವರದ ದಡಕ್ಕೆ ಹೋಗಿ ಆರು ಚೀಲ ಹಸಿ ಮರಳು ತುಂಬಿ ತಂದೆ. ಡಿಸೆಂಬರ್ ಪೂರ್ತಿ ಗಾಡಿ ಎಲ್ಲೂ ಜಾರದೆ ಓಡಿತು. "ನೋಡಿದ್ಯಾ?" ಎಂದು ದಿನವೂ ಐಲಿಗೆ ಹೇಳುತ್ತಿದ್ದೆ. ಅವಳು ಪಕ್ಕದ ಕನ್ನಡಿ ನೋಡುತ್ತಾ ಕೂತಿರುತ್ತಿದ್ದಳು.

ಜನವರಿಯ ಒಂದು ಶುಕ್ರವಾರ, ಬೆಳಗಿನ ಎಂಟು ಗಂಟೆ. ಗುಡ್ಡದ ಬುಡದ ಸೇತುವೆ ದಾಟಿ ಎದುರಿನ ಏರು ಹತ್ತುವಾಗ ಜಿಂಕೆಯೊಂದು ಅಡ್ಡ ಬಂತು. ಬ್ರೇಕು ಒತ್ತಿದೆ. ಗಾಡಿ ಹಿಂದಕ್ಕೆ ಜಾರಿ ಅಂಚಿನ ಮಂಜುಗಡ್ಡೆಯ ಮೇಲೆ ನಿಂತಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಚಕ್ರ ಸುತ್ತಿತೇ ಹೊರತು ಒಂದಂಗುಲ ಮುಂದೆ ಹೋಗಲಿಲ್ಲ. ಇಳಿದು ಒಂದು ಚೀಲ ಎಳೆದು ಚಾಕು ಹಾಕಿದೆ. ಒಳಗೆ ಮರಳಿರಲಿಲ್ಲ, ಬಂಡೆ ಇತ್ತು. ಸಲಿಕೆಯಿಂದ ಬಡಿದೆ, ಸಲಿಕೆ ಪುಟಿದು ನನ್ನ ಮೊಣಕಾಲಿಗೇ ಬಡಿಯಿತು. ಆರೂ ಚೀಲ ಹಾಗೇ. ಹತ್ತು ಗಂಟೆಗೆ ಐಲಿಯ ಸರದಿ. ಬುಧವಾರದ ಬಿರುಗಾಳಿಗೆ ರಸ್ತೆ ಮುಚ್ಚಿ, ಆ ದಿನದ ಸರದಿ ಆಗಲೇ ತಪ್ಪಿತ್ತು.

ಕಿಟಕಿ ಇಳಿಸಿ ಐಲಿ ಕೇಳಿದಳು: "ಅಣ್ಣನಿಗೆ ಫೋನ್ ಮಾಡ್ತೀಯೋ, ನಾನೇ ಮಾಡ್ಲೋ?"

"ಸ್ವಲ್ಪ ತಡಿ."

ಇಪ್ಪತ್ತು ನಿಮಿಷ ತಡೆಸಿದೆ. ಅವಳ ಉಸಿರು ಸಣ್ಣಗೆ ಸುಯ್‌ಗುಡಲು ಶುರುವಾಯಿತು. ಅದನ್ನು ಕೇಳುತ್ತಾ ಕೇಳುತ್ತಾ ಸಲಿಕೆ ಹಿಡಿದು ನಿಂತಿದ್ದೆನಲ್ಲ, ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಕೊನೆಗೆ ಫೋನ್ ಮಾಡಿದೆ. "ಭಾವ, ಸೇತುವೆ ಹತ್ರ..." ಎನ್ನುವಷ್ಟರಲ್ಲಿ "ಬಂದೆ" ಎಂದ.

ಎರಡೇ ನಿಮಿಷಕ್ಕೆ ಅವನ ಪಿಕಪ್ಪು ತಿರುವಿನಲ್ಲಿ ಕಾಣಿಸಿತು. ಚೀಲ ಕೊಯ್ದ, ಮರಳು ಹಿಟ್ಟಿನ ಹಾಗೆ ಸುರಿಯಿತು. ನಾಲ್ಕೂ ಚಕ್ರಕ್ಕೆ ಎರಚಿದ. ಮೊದಲ ಸಲಕ್ಕೇ ಗಾಡಿ ಮೇಲೆ ಬಂತು. ಈಗ ಬೈಯುತ್ತಾನೆ, ಈಗ ಚುಚ್ಚುತ್ತಾನೆ ಎಂದು ಕಾದೆ. ಅವನು ಉಳಿದ ಚೀಲಗಳನ್ನು ನನ್ನ ಗಾಡಿಗೆ ಹಾಕಿ, ನನ್ನ ಬಂಡೆಗಳನ್ನು ಒಂದೊಂದಾಗಿ ತನ್ನದಕ್ಕೆ ಹೊತ್ತುಕೊಂಡ.

"ಇವು ನನಗಿರಲಿ. ಕಾಯಿಸಿ ಒಣಗಿಸ್ತೀನಿ. ನಡಿ ನಡಿ, ಹೊತ್ತಾಯ್ತು," ಎಂದನಷ್ಟೆ.

ಸರದಿಗೆ ಸರಿಯಾಗಿ ತಲುಪಿದೆವು. ಐಲಿಯ ತೋಳಿಗೆ ಕೊಳವೆ ಜೋಡಿಸಿ ನರ್ಸು ಹೋದ ಮೇಲೆ ನನಗೆ ಹೊಳೆಯಿತು. ಉರ್ಹೊನ ಮನೆಯಿಂದ ಸೇತುವೆಗೆ ಇಪ್ಪತ್ತು ನಿಮಿಷದ ದಾರಿ.

"ಅಷ್ಟು ಬೇಗ ಹೇಗೆ ಬಂದ ಅವನು?"

ಐಲಿ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಮೊದಲನೇ ಹಿಮ ಬಿದ್ದಾಗಿಂದ ವಾರಕ್ಕೆ ಮೂರು ದಿನವೂ ನಮ್ಮ ಹಿಂದೇನೇ ಬರ್ತಾನೆ. ನಾವು ಆ ಏರು ಹತ್ತೋವರೆಗೂ ನೋಡಿ ತಿರುಗಿಕೊಳ್ತಾನೆ. ನೀನು ಕನ್ನಡಿ ನೋಡಿದ್ರೆ ತಾನೆ? ಇವತ್ತೂ ತಿರುವಿನ ಆಚೆಗೇ ನಿಂತಿದ್ದ. ನೀನು ಕರೀದೆ ಬಂದ್ರೆ ನಿನಗೆ ಸಿಟ್ಟು ಬರತ್ತೆ ಅಂತ."

ಆಸ್ಪತ್ರೆಯ ಪಡಸಾಲೆಗೆ ಹೋಗಿ ಅತ್ತೆ. ಅರವತ್ತೆಂಟು ವರ್ಷದ ಗಂಡಸು, ಯಾರು ನೋಡಿದರೂ ಸರಿ ಎಂದು ಅತ್ತೆ.

ಸೋಮವಾರ ಬೆಳಗ್ಗೆ ಮನೆಯಿಂದ ಹೊರಟು ಚರ್ಚಿನ ಹತ್ತಿರ ಗಾಡಿ ನಿಲ್ಲಿಸಿ ಕಾದೆ. ಸ್ವಲ್ಪ ಹೊತ್ತಿಗೆ ಅವನೂ ಬಂದು, ಸಿಕ್ಕಿಬಿದ್ದ ಕಳ್ಳನ ಹಾಗೆ ದೂರದಲ್ಲೇ ನಿಂತ. ಹತ್ತಿರ ಹೋಗಿ ಅವನ ಕಿಟಕಿ ತಟ್ಟಿದೆ.

"ತಪ್ಪಾಯ್ತು ಭಾವ. ಇನ್ನು ಕದ್ದುಮುಚ್ಚಿ ಬರಬೇಡ. ರಾಜನ ಹಾಗೆ ಮುಂದೆ ಹೋಗು, ನಾವು ಹಿಂದೆ ಬರ್ತೀವಿ."

ಉರ್ಹೊ ಬೇಡವೆಂದು ತಲೆಯಾಡಿಸಿದ.

"ಮುಂದೆ ಹೋದ್ರೆ ತಂಗಿ ಕಾಣಲ್ಲ ಕಣೋ," ಎಂದ.