ಟ್ಯಾಂಕಿಗೆ ನೈವೇದ್ಯ

ಎಣ್ಣೆ ಎಂದರೆ ಶೇಂಗಾ ಹಿಂಡಿದಾಗ ಬರುವಂಥದ್ದು, ಅದರಾಚೆಗೆ ನಮ್ಮ ಸಾಹುಕಾರರ ತಲೆ ಓಡುತ್ತಿರಲಿಲ್ಲ. ಆದರೂ ಯಾರೋ ಕಿವಿ ಊದಿದರೆಂದು ತಾರಿಹಾಳದ ತಮ್ಮ ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಸ್ಟೀಲ್ ಟ್ಯಾಂಕು ನಿಲ್ಲಿಸಿದರು. ಬಾಟಲಿಗಳಿಗೆ ಲೇಬಲ್ ಹಚ್ಚುತ್ತಿದ್ದ ನಾನು ಎಂಎಸ್ಸಿ ಓದಿದವಳೆಂಬುದು ಆಗ ಅವರಿಗೆ ನೆನಪಾಯಿತು. ಮೀನೆಣ್ಣೆಯಲ್ಲಿರುವ ಹೃದಯಕ್ಕೆ ಹಿತವಾದ ಕೊಬ್ಬನ್ನು ಮೀನಿಲ್ಲದೆ ತೆಗೆಯುವ ಕೆಲಸ. ಸಕ್ಕರೆ ನೀರು ಕುಡಿದು ಮೈತುಂಬ ಎಣ್ಣೆ ಕೂಡಿಡುವ, ಕಣ್ಣಿಗೆ ಕಾಣದ ಪಾಚಿಯೇ ನನ್ನ ದನಕರು. ಮೊದಲ ಎಣ್ಣೆ ಗಿರಾಕಿಯ ಪರೀಕ್ಷೆಯಲ್ಲಿ ಪಾಸಾದರೆ ನಾನು ಅಲ್ಲೇ ಉಳಿಯಬಹುದು, ಇಲ್ಲದಿದ್ದರೆ ಮತ್ತೆ ಲೇಬಲ್ಲು ಎಂದಿದ್ದರು.

ಆ ಪಾಚಿಗೆ ಬೇರೆ ಯಾವ ಸೂಕ್ಷ್ಮಜೀವಿಯೂ ಸೋಂಕಬಾರದು. ಮುಚ್ಚಳ ತೆಗೆಯಬೇಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಹರಿದಿತ್ತು. ಕೋಣನ ಮುಂದೆ ಕಿನ್ನರಿ.

ಪ್ರತಿ ಅಮಾವಾಸ್ಯೆಗೂ ಗಿರಣಿಯಲ್ಲಿ ಯಂತ್ರಗಳ ಪೂಜೆ. ಆ ದಿನ ಬಸ್ಸು ತಡವಾಗಿ ನಾನು ಹೋಗುವಷ್ಟರಲ್ಲಿ ಟ್ಯಾಂಕಿಗೆ ವಿಭೂತಿ ಬಳಿದು ಹಾರ ಹಾಕಿಯಾಗಿತ್ತು. ಇರಲಿ, ಹೊರಗೆ ಏನು ಬಳಿದರೆ ನನಗೇನು? ಆದರೆ ಮುಚ್ಚಳ ಸರಿದಿತ್ತು. ಅದರ ಅಂಚಿನಲ್ಲಿ ಮೊಸರನ್ನದ ಅಗುಳು.

“ಸಾವ್ಕಾರ್ರ, ಇದೇನ ಮಾಡೀರಿ?”

“ಒಳಗ ಜೀವ ಅದಾವಂತ ನೀವ ಹೇಳೀರಲ್ರೀ ಅಕ್ಕಾರ. ಜೀವ ಇದ್ದಲ್ಲೆ ನೈವೇದ್ಯ ಬ್ಯಾಡೇನ್ರಿ? ಬರೇ ಒಂದ ಚಮಚಾ ಹಾಕೇನಿ.”

ಹೇಳಿದ್ದರಲ್ಲಿ ಅದೊಂದನ್ನು ಮಾತ್ರ ಈ ಮಹಾನುಭಾವರು ನೆನಪಿಟ್ಟುಕೊಂಡಿದ್ದರು. ನಮ್ಮವ್ವನೂ ದಿನಾ ನೈವೇದ್ಯ ಹಿಡಿಯುತ್ತಾಳೆ. ದೇವರ ಬಾಯಿಗೆ ತುರುಕುವುದಿಲ್ಲ.

ಎರಡೇ ದಿನದಲ್ಲಿ ಮೊಸರಿನ ಜೀವಿಗಳು ಸಕ್ಕರೆಯನ್ನೆಲ್ಲ ಮುಕ್ಕಿ ಹುಳಿ ಬಿಟ್ಟವು, ಪಾಚಿ ಸತ್ತಿತು. ಶೆಡ್ಡಿನ ತುಂಬ ಹುಳಿ ನಾತ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಹೇಸಿಗೆ ಬಂತು. ಸಾಹುಕಾರರು ಮೂಗಿಗೆ ಟವೆಲ್ಲು ಒತ್ತಿ ತೀರ್ಪು ಕೊಟ್ಟರು:

“ನೈವೇದ್ಯ ಅರಗಸ್ಕೊಳ್ಳಿಲ್ಲ ನೋಡ್ರಿ. ನಿಮ್ಮ ಪಾಚ್ಯಾಗ ಏನರ ಐಬ ಇತ್ತ.”

ಟ್ಯಾಂಕಿನಲ್ಲಿದ್ದದ್ದು ಗಟಾರಕ್ಕೆ ಹೋಯಿತು. ನಾನು ಲೇಬಲ್ಲಿಗೆ ಹೋದೆ.

ಮುಂದಿನ ಅಮಾವಾಸ್ಯೆಗೆ ಖಾಲಿ ಟ್ಯಾಂಕಿಗೂ ಪೂಜೆಯಾಯಿತು, ಹಾರ ಮೊದಲಿಗಿಂತ ದಪ್ಪ. ಈ ಸಲ ಮುಚ್ಚಳಕ್ಕೆ ಅವರು ಕೈ ಹಚ್ಚಲಿಲ್ಲ. ಹೊರಗೇ ಎಡೆ ಹಿಡಿದು, ಆಮೇಲೆ ನನ್ನ ಮೇಜಿನ ತನಕ ಬಂದು ಬಾಳೆ ಎಲೆಯ ತುಂಡು ಚಾಚಿದರು.

“ತಗೋರಿ ಅಕ್ಕಾರ, ಪ್ರಸಾದ.”

ಬೆರಳಿಗೆಲ್ಲ ಗೋಂದು ಅಂಟಿತ್ತು. ಎಡಗೈಯಲ್ಲಿ ಇಸಿದುಕೊಳ್ಳುವಂತಿಲ್ಲ, ಬಲಗೈ ಒರೆಸಿಕೊಂಡು ತೆಗೆದುಕೊಂಡು ತಿಂದೆ. ಮೊಸರನ್ನ.