ತಮೆಕಿಚಿ ಅಜ್ಜನ ಪಟ್ಟಿ

ಆಸೊ ಬೆಟ್ಟದ ಹುಲ್ಲಿಗೆ ನಾವು ವಸಂತದಲ್ಲಿ ಬೆಂಕಿ ಇಡುತ್ತೇವೆ. ಅದು ಕಾಡಿಗೆ ಹಾರದಿರಲೆಂದು ಹಿಂದಿನ ಶರತ್ಕಾಲದಲ್ಲೇ ಮನೆಗೊಂದು ಪಟ್ಟಿಯಂತೆ ಅಂಚಿನ ಹುಲ್ಲು ಸವರಿರುತ್ತೇವೆ. ನನ್ನ ಪಕ್ಕದ ಮನೆಯ ತಮೆಕಿಚಿ ಅಜ್ಜನಿಗೆ ಯಾರ ಕುಡುಗೋಲಿನ ಮೇಲೂ ನಂಬಿಕೆಯಿಲ್ಲ. ಎಲ್ಲರ ಪಟ್ಟಿಯಲ್ಲೂ ಬಗ್ಗಿ, ಕೂಳೆ ಮುಟ್ಟಿ, "ಇದನ್ನ ಕುಯ್ದಿದ್ದೋ, ಬರೀ ತುಳಿದಿದ್ದೋ?" ಎಂದು ಹಂಗಿಸುತ್ತಿದ್ದ.

ಈ ವಸಂತದಲ್ಲಿ ಬೆಂಕಿ ದಾಟಿ ದೇವದಾರು ಮರಗಳು ಸುಟ್ಟವು. ದಾಟಿದ್ದು ಅಜ್ಜನ ಪಟ್ಟಿಯಲ್ಲೇ! ಶರತ್ಕಾಲದ ಹುಣ್ಣಿಮೆಯಂದು ಹೂದಾನಿಯಲ್ಲಿಟ್ಟು ಚಂದ್ರನಿಗೆ ಅರ್ಪಿಸಲು ಹೆಂಡತಿ ಸುಯೆ ಕೇಳಿದ್ದಳೆಂದು ಗರಿಹುಲ್ಲಿನ ಒಂದು ಪೊದೆ ಉಳಿಸಿದ್ದ. ಊರವರ ಪಟ್ಟಿ ಪರೀಕ್ಷಿಸುವ ಭರದಲ್ಲಿ ಅದನ್ನು ಕುಯ್ಯಲು ಮರೆತೇಬಿಟ್ಟಿದ್ದ.

ಊರಲ್ಲಿ ಯಾರೂ ಚಕಾರವೆತ್ತಲಿಲ್ಲ. ಅದಕ್ಕೇ ಅಜ್ಜನಿಗೆ ಅನುಮಾನ, ಬೆನ್ನ ಹಿಂದೆ ನಗುತ್ತಿದ್ದಾರೆಂದು.

ಮತ್ತೆ ಆ ಹುಣ್ಣಿಮೆ ಬಂತು. ಬೆಳಿಗ್ಗೆ ಅಜ್ಜನ ಹೊಸ್ತಿಲ ಮೇಲೆ ಒಂದು ಹಿಡಿ ಗರಿಹುಲ್ಲು ಬಿದ್ದಿತ್ತು. ಅದನ್ನೆತ್ತಿಕೊಂಡು ನೇರ ನನ್ನ ಬಾಗಿಲಿಗೇ ಬಂದ.

"ನಿಂದೇ ಕೆಲಸ ತಾನೇ? ಅಣಕಿಸ್ತೀಯಾ ನನ್ನ?"

"ಅಯ್ಯೋ, ನಂಗೇನೂ ಗೊತ್ತಿಲ್ಲ ಅಜ್ಜಾ."

ನಂಬಲಿಲ್ಲ. ಮನೆಮನೆಗೂ ಹೋಗಿ ಜಗಳ ತೆಗೆದು, ಸಂಜೆಗೆ ಸೋತು ಹಿಂತಿರುಗಿದ. ಸುಯೆ ಅಜ್ಜಿ ಹೂದಾನಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಊರೆಲ್ಲಾ ಸುತ್ತಿದ್ದಾಯ್ತಾ? ಕೊಡಿ ಇಲ್ಲಿ. ನಿಮ್ಮನ್ನ ನಂಬಿದ್ರೆ ಆಗಲ್ಲ ಅಂತ ಈ ಸಲ ನಾನೇ ಕುಯ್ಕೊಂಡು ಬಂದು ಹೊಸ್ತಿಲ ಮೇಲಿಟ್ಟಿದ್ದೆ."